ಹಳೇ ಕಾರು ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ಆಗಲ್ಲ: ಎಲ್ಲಿಂದ ಹುಡುಕೋದು?

ಕಾರು ಪೂರ್ತಿ ಕೆಟ್ಟು ನಿಂತರೆ ಅದೊಂಥರಾ ಸುಲಭ. ಎಲ್ಲಿ ಕೆಟ್ಟಿದೆ ಅಂತ ಹುಡುಕಬಹುದು, ಸರಿ ಮಾಡಬಹುದು, ಮುಗೀತು. ತಲೆ ತಿನ್ನೋದು ಇನ್ನೊಂದು ಜಾತಿ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಮಧ್ಯಾಹ್ನ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು ಬಿಟ್ಟರೆ ಏನೂ ಇಲ್ಲ, ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಲ್ಲದ ಹಾಗೆ ಮತ್ತೆ ಶುರು. ಮೆಕ್ಯಾನಿಕ್ ಹತ್ತಿರ ತಗೊಂಡು ಹೋದರಂತೂ ಅವರ ಮುಂದೆ ಇಪ್ಪತ್ತು ಸಲ ಸೆಲ್ಫ್ ಹೊಡೆದರೂ ಇಪ್ಪತ್ತು ಸಲವೂ ಸ್ಟಾರ್ಟ್. ನಾವೇ ಸುಳ್ಳು ಹೇಳಿದ ಹಾಗೆ ಆಗುತ್ತದೆ.

ನಾನು ಇಂಥ ಒಂದು ಕಾರಿಗೆ ಮೊದಲು ಬ್ಯಾಟರಿ ಬದಲಿಸಿದೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಸೆಲ್ಫ್ ಮೋಟರ್ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಎರಡು ವಾರ ಚೆನ್ನಾಗಿತ್ತು. ಎರಡೂ ಕೆಟ್ಟಿರಲಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಅದನ್ನು ಮುಂದೆ ಹೇಳುತ್ತೇನೆ. ಈಗ ಒಂದೇ ಮಾತು: ಬಂದು ಹೋಗುವ ತೊಂದರೆಯನ್ನು ಅದು ಬಂದಿರುವಾಗಲೇ ಹಿಡಿಯಬೇಕು. ಕಾರು ಚೆನ್ನಾಗಿರುವಾಗ ಮೀಟರ್ ಹಿಡಿದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಕೈಕೊಟ್ಟ ಆ ಎರಡು ನಿಮಿಷದಲ್ಲಿ ನಾವು ಮಾಡುವುದೇನು? ಸಿಟ್ಟಿನಲ್ಲಿ ಮತ್ತೆ ಮತ್ತೆ ಕೀ ತಿರುಗಿಸುತ್ತೇವೆ. ಹೇಗೋ ಸ್ಟಾರ್ಟ್ ಆಗುತ್ತದೆ, ಸದ್ಯ ಅಂತ ಹೊರಡುತ್ತೇವೆ. ಸಿಕ್ಕಿದ್ದ ಕಳ್ಳನನ್ನು ನಾವೇ ಓಡಿಸಿದ ಹಾಗೆ.

ಮೊದಲು ನಾಲ್ಕು ಸಾಲು ಬರೆಯಿರಿ

ಕಾರಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ, ಫೋನಲ್ಲಿ ಬರೆದುಕೊಂಡರೂ ಆಯ್ತು. ಕೈಕೊಟ್ಟ ಪ್ರತಿ ಸಲವೂ ಬರೆಯಬೇಕಾದ್ದು ಇಷ್ಟೇ: ಎಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಎಷ್ಟು ಹೊತ್ತು ನಿಂತಿತ್ತು, ಮಳೆಯೋ ಬಿಸಿಲೋ, ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿತ್ತು, ಯಾವ ಥರ ಸದ್ದು ಬಂತು, ಕೊನೆಗೆ ಏನು ಮಾಡಿದ ಮೇಲೆ ಸ್ಟಾರ್ಟ್ ಆಯ್ತು. ಐದಾರು ಸಲ ಬರೆದರೆ ಸಾಕು, ಅದರಲ್ಲೇ ಒಂದು ಲೆಕ್ಕ ಕಾಣುತ್ತದೆ.

ದೂರ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಂದಾಗ ಮಾತ್ರ ಸತಾಯಿಸಿದರೆ ಶಾಖಕ್ಕೆ ಸಂಬಂಧಪಟ್ಟದ್ದು. ಸೆಲ್ಫ್ ಮೋಟರಿನ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಮೋಟರಿಗೆ ದೊಡ್ಡ ಕರೆಂಟ್ ಬಿಡುವ ಆಯಸ್ಕಾಂತದ ಸ್ವಿಚ್) ಅಥವಾ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುತ್ತಿದೆ ಅಂತ ಕಾರಿನ ಕಂಪ್ಯೂಟರಿಗೆ ತಿಳಿಸುವುದು) ಮೇಲೆ ಮೊದಲ ಅನುಮಾನ, ಕಾರ್ಬ್ಯುರೇಟರ್ ಗಾಡಿಯಾದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಕೂತಿರಬಹುದು. ಮಳೆಗಾಲದ ಬೆಳಿಗ್ಗೆ ಮಾತ್ರ ಅಂದರೆ ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪ್ (ಕಿಡಿಯ ಕರೆಂಟನ್ನು ಪ್ಲಗ್ಗುಗಳಿಗೆ ಹಂಚುವ ಡಬ್ಬಿಯ ಮುಚ್ಚಳ). ಎರಡು ಮೂರು ದಿನ ನಿಂತ ಮೇಲೆ ಮಾತ್ರ ಅಂದರೆ ಬ್ಯಾಟರಿಯನ್ನು ಯಾವುದೋ ಕದ್ದು ಕುಡೀತಾ ಇದೆ, ಇಲ್ಲಾ ಬ್ಯಾಟರಿಗೇ ವಯಸ್ಸಾಗಿದೆ. ಬಿಸಿ, ತಣ್ಣಗೆ, ಮಳೆ, ಯಾವುದಕ್ಕೂ ಸಂಬಂಧವೇ ಇಲ್ಲ ಅಂದರೆ? ಸಡಿಲ ಕನೆಕ್ಷನ್, ಇಗ್ನಿಷನ್ ಸ್ವಿಚ್ (ಕೀ ತಿರುಗಿಸುವ ಸ್ವಿಚ್), ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಪುಟ್ಟ ಸ್ವಿಚ್). ನನ್ನ ಮಟ್ಟಿಗೆ ಹಳೇ ಕಾರುಗಳಲ್ಲಿ ಜಾಸ್ತಿ ಸಿಗುವುದು ಈ ಕೊನೇ ಗುಂಪೇ.

ಡಿಕ್ಕಿಯಲ್ಲಿ ಕೆಲವು ಸಾಮಾನು ಸದಾ ಇರಲಿ. ಒಂದು ಮಲ್ಟಿಮೀಟರ್ (ಅಗ್ಗದ್ದೇ ಸಾಕು), ಬ್ಯಾಟರಿ ಟರ್ಮಿನಲ್ಲಿಗೆ ಹೊಂದುವ ಸ್ಪ್ಯಾನರ್ (ಹೆಚ್ಚಿನ ಕಾರಿಗೆ 10 ಮಿ.ಮೀ.), ದಪ್ಪನೆಯ ಜಂಪರ್ ಕೇಬಲ್, ಟಾರ್ಚ್, ಒಂದು ತುಂಡು ಮರ. ಮರ ಯಾಕೆ ಅಂತ ಆಮೇಲೆ.

ಕೈ ಹಾಕುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದು ಗೇರ್ ನ್ಯೂಟ್ರಲ್ಲಿಗೆ ತನ್ನಿ. ಇನ್ನೊಬ್ಬರು ಕೀ ತಿರುಗಿಸುವಾಗ ನಿಮ್ಮ ಕೈ, ತೋಳು, ವೈರು ಯಾವುದೂ ಫ್ಯಾನಿಗೆ ಬೆಲ್ಟಿಗೆ ಹತ್ತಿರ ಇರಬಾರದು. ಬ್ಯಾಟರಿ ಹತ್ತಿರ ಬೆಂಕಿ, ಕಿಡಿ ಬೇಡ, ಅದರಿಂದ ಹೈಡ್ರೋಜನ್ ಗ್ಯಾಸ್ ಬರುತ್ತಿರುತ್ತದೆ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ಮಧ್ಯೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಚೆನ್ನಾಗಿದ್ದ ಮೋಟರೂ ಸುಟ್ಟೀತು.

ಕಿವಿ ಕೊಟ್ಟು ಕೇಳಿ

"ಸ್ಟಾರ್ಟ್ ಆಗ್ತಿಲ್ಲ" ಅನ್ನೋದು ಒಂದೇ ತೊಂದರೆ ಅಲ್ಲ. ಎಂಜಿನ್ ತಿರುಗೋದೇ ಇಲ್ಲ ಅನ್ನೋದು ಒಂದು. ಎಂಜಿನ್ ಗರ್‌ಗರ್ ಅಂತ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯೋದಿಲ್ಲ ಅನ್ನೋದು ಇನ್ನೊಂದು. ಇವೆರಡಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳಿ. ಮೊದಲನೆಯದರಲ್ಲಿ ಪೆಟ್ರೋಲ್ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ, ಎರಡನೆಯದರಲ್ಲಿ ಸೆಲ್ಫ್ ಮೋಟರ್ ಬಿಚ್ಚಿ ಪ್ರಯೋಜನವಿಲ್ಲ. ಕೇಳೋಕೆ ಸಿಲ್ಲಿ ಅನ್ನಿಸಬಹುದು, ಆದರೆ ದುಡ್ಡು ಕಳೆದುಕೊಳ್ಳುವವರಲ್ಲಿ ಎಷ್ಟೋ ಜನ ಇಲ್ಲೇ ದಾರಿ ತಪ್ಪಿರುತ್ತಾರೆ. ಗೇರ್ ಕಾರಾದರೆ ತಳ್ಳಿದಾಗ ಸ್ಟಾರ್ಟ್ ಆಗುತ್ತದಾ ಅನ್ನೋದೂ ಒಂದು ಪರೀಕ್ಷೆಯೇ. ತಳ್ಳಿದರೆ ಹಿಡಿಯುತ್ತದೆ ಅಂದರೆ ಪೆಟ್ರೋಲು, ಕಿಡಿ ಎರಡೂ ಸರಿ ಇವೆ, ತೊಂದರೆ ಸೆಲ್ಫ್ ಕಡೆಯದು.

ತಿರುಗದೇ ಇರುವ ಕಾರಿನಲ್ಲೂ ಸದ್ದು ಬೇರೆ ಬೇರೆ. ಟಕಟಕಟಕ ಅಂತ ಬೇಗ ಬೇಗ ಹೊಡೆದುಕೊಂಡರೆ ಕರೆಂಟ್ ಸಾಲುತ್ತಿಲ್ಲ ಅಂತ ಅರ್ಥ: ಸೊಲೆನಾಯ್ಡ್ ಎಳೆಯುತ್ತದೆ, ಮೋಟರ್ ಕರೆಂಟ್ ಕೇಳಿದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಬಿಟ್ಟುಬಿಡುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಬ್ಯಾಟರಿ ಅಥವಾ ಕನೆಕ್ಷನ್ ನೋಡಿ. ಒಂದೇ ಒಂದು ಗಟ್ಟಿ ಟಕ್ ಬಂದು ಸುಮ್ಮನಾದರೆ ಮೋಟರಿನ ಕಾರ್ಬನ್ ಬ್ರಷ್ಷು (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಅಥವಾ ಸೊಲೆನಾಯ್ಡ್ ಒಳಗಿನ ಕಾಂಟ್ಯಾಕ್ಟು ಸವೆದಿರಬಹುದು, ದಪ್ಪ ಕೇಬಲ್ಲಿನ ಕನೆಕ್ಷನ್ನೂ ಆಗಿರಬಹುದು. ಏನೂ ಸದ್ದೇ ಇಲ್ಲ ಅಂದರೆ ಕೀಯಿಂದ ಸೊಲೆನಾಯ್ಡ್ ತನಕ ಸಣ್ಣ ಕರೆಂಟೇ ತಲುಪುತ್ತಿಲ್ಲ, ಇಲ್ಲಾ ಸೊಲೆನಾಯ್ಡೇ ಕೆಟ್ಟಿದೆ.

ಮೀಟರ್ ಇಲ್ಲದೆ ಮಾಡಬಹುದಾದ ಪರೀಕ್ಷೆ ಒಂದಿದೆ. ಹೆಡ್‌ಲೈಟ್ ಹಾಕಿ, ಕೀ ತಿರುಗಿಸಿ, ಎದುರಿನ ಗೋಡೆ ನೋಡಿ. ಬೆಳಕು ಪೂರ್ತಿ ಸತ್ತುಹೋದರೆ ಬ್ಯಾಟರಿ ಡೌನ್ ಅಥವಾ ಟರ್ಮಿನಲ್ ಹಿಡಿತ ಇಲ್ಲ. ಬೆಳಕು ಒಂಚೂರೂ ಅಲುಗದಿದ್ದರೆ ಮೋಟರಿಗೆ ಕರೆಂಟ್ ಹೋಗುತ್ತಲೇ ಇಲ್ಲ. "ಲೈಟ್ ಚೆನ್ನಾಗಿ ಉರೀತಾ ಇದೆ, ಹಾಗಾದ್ರೆ ಬ್ಯಾಟರಿ ಚೆನ್ನಾಗಿದೆ" ಅನ್ನೋ ಮಾತು ಮಾತ್ರ ನಂಬಬೇಡಿ. 55 ವ್ಯಾಟಿನ ಎರಡು ಬಲ್ಬ್ ಕುಡಿಯುವುದು ಹತ್ತು ಆಂಪಿಯರಿಗಿಂತ ಕಡಿಮೆ. ಚಿಕ್ಕ ಪೆಟ್ರೋಲ್ ಎಂಜಿನ್ ತಿರುಗಿಸುವ ಸೆಲ್ಫ್ ಮೋಟರಿಗೇ ನೂರು, ನೂರೈವತ್ತು ಆಂಪಿಯರ್ ಬೇಕು.

ಬ್ಯಾಟರಿ, ಬೇಗ ಮುಗಿಸೋಣ

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಅಂದರೆ ಮೊದಲು ಚಾರ್ಜ್ ಮಾಡಿ, ಉಳಿದ ಮಾತು ಆಮೇಲೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ಮಧ್ಯೆ ಇದ್ದರೆ ಆಲ್ಟರ್ನೇಟರ್ (ಬ್ಯಾಟರಿಯನ್ನು ಚಾರ್ಜ್ ಮಾಡುವ ಜನರೇಟರ್) ಕೆಲಸ ಮಾಡುತ್ತಿದೆ. ಚಾರ್ಜ್ ಆದ ಬ್ಯಾಟರಿ ಈ ಮೂರರಲ್ಲೂ ಪಾಸಾದರೆ ಅದನ್ನು ಬಿಟ್ಟು ಮುಂದೆ ಹೋಗಿ.

ಟರ್ಮಿನಲ್, ಕೇಬಲ್, ಅರ್ಥಿಂಗ್

ಇಲ್ಲಿ ಸ್ವಲ್ಪ ನಿಂತು ನೋಡೋಣ. ನೂರೈವತ್ತು ಆಂಪಿಯರ್ ಹರಿಯುವ ದಾರಿಯಲ್ಲಿ ಎಲ್ಲೋ ಒಂದು ಕಡೆ 0.01 ಓಮ್ ಅಡ್ಡಿ ಇದೆ ಅಂದುಕೊಳ್ಳಿ. ಅಷ್ಟಕ್ಕೇ ಒಂದೂವರೆ ವೋಲ್ಟ್ ಅಲ್ಲೇ ನಷ್ಟ. ಸಾಮಾನ್ಯ ಮಲ್ಟಿಮೀಟರ್ ಓಮ್ಸ್‌ನಲ್ಲಿ ಇಟ್ಟು ಅದೇ ಕೇಬಲ್ ಅಳೆದರೆ ಸೊನ್ನೆ ತೋರಿಸುತ್ತದೆ. ಕೇಬಲ್ ಚೆನ್ನಾಗಿದೆ ಅಂತ ನೀವು ನಂಬಿಬಿಡುತ್ತೀರಿ. ಅದಕ್ಕೇ ಇಲ್ಲಿ ಓಮ್ಸ್ ಕೆಲಸಕ್ಕೆ ಬಾರದು, ಕರೆಂಟ್ ಹರಿಯುವಾಗ ವೋಲ್ಟ್ ಅಳೆಯಬೇಕು.

ಹೀಗೆ ಮಾಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕೆಂಪು ವೈರಿನ ತುದಿಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ ಒತ್ತಿ. ಕಂಬವನ್ನು ಕಚ್ಚಿರುವ ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೇ. ಕಪ್ಪು ತುದಿಯನ್ನು ಸೆಲ್ಫ್ ಮೋಟರಿಗೆ ದಪ್ಪ ಕೇಬಲ್ ಸೇರುವ ಬೋಲ್ಟಿಗೆ ಮುಟ್ಟಿಸಿ. ಈಗ ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.5 ವೋಲ್ಟಿಗಿಂತ ಕಡಿಮೆ ಬಂದರೆ ಪ್ಲಸ್ ಕೇಬಲ್ ಸರಿ ಇದೆ. ಆಮೇಲೆ ಮೈನಸ್ ಕಂಬದಿಂದ ಸೆಲ್ಫ್ ಮೋಟರಿನ ಮೈಗೆ ಹೀಗೇ ಅಳೆಯಿರಿ, ಅಲ್ಲಿ 0.3 ದಾಟಬಾರದು. ದಾಟಿದರೆ ಒಂದೊಂದೇ ಜೋಡಣೆ ಅಳೆಯುತ್ತಾ ಹೋಗಿ: ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ. ಎಲ್ಲಿ ಅಂಕಿ ಹಾರುತ್ತದೋ ಅಲ್ಲೇ ರೋಗ.

ರಸ್ತೆ ಬದಿಯಲ್ಲಿ ಇಷ್ಟೆಲ್ಲ ಆಗಲ್ಲ ಅಲ್ವಾ. ಅಲ್ಲಿಗೆ ಜಂಪರ್ ಕೇಬಲ್ ಇದೆ. ಕೈಕೊಟ್ಟಾಗ ಬೇರೆ ಕಾರು ಹುಡುಕಬೇಡಿ. ಕೇಬಲ್ಲಿನ ಒಂದು ವೈರಿನ ಒಂದು ಕಡೆ ನಿಮ್ಮದೇ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಕಡೆ ಎಂಜಿನ್ನಿನ ಬರೀ ಲೋಹದ ಜಾಗಕ್ಕೆ ಕಚ್ಚಿಸಿ. ಈಗ ಸೆಲ್ಫ್ ಹೊಡೆಯಿರಿ. ಒಂದೇ ಏಟಿಗೆ ತಿರುಗಿತಾ? ಅರ್ಥಿಂಗ್, ಅಂದರೆ ಎಂಜಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ಕರೆಂಟ್ ವಾಪಸ್ ಬರುವ ದಾರಿ, ಕೆಟ್ಟಿದೆ.

ನನ್ನ ಕಾರು ಸಿಕ್ಕಿಬಿದ್ದಿದ್ದು ಹೀಗೇ. ಗೇರ್‌ಬಾಕ್ಸ್ ಹತ್ತಿರ ಎಂಜಿನ್ನಿನಿಂದ ಬಾಡಿಗೆ ಹೋಗುವ ಜಡೆಯಂಥ ತಾಮ್ರದ ಪಟ್ಟಿ ಇತ್ತು. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದರೆ ಬೋಲ್ಟಿನ ತಲೆ ಹೊಳೀತಾ ಇತ್ತು, ಪಟ್ಟಿ ಸ್ವಲ್ಪ ಮಣ್ಣಾಗಿತ್ತು, ಅಷ್ಟೇ. ಬೋಲ್ಟ್ ಬಿಚ್ಚಿ ಪಟ್ಟಿಯ ಕಿವಿ ಎತ್ತಿದೆ. ಕೆಳಗೆ ಕಂದು ತುಕ್ಕು, ಅದರ ಮೇಲೆ ಹಸಿರು ಪುಡಿ, ಲೋಹ ಲೋಹಕ್ಕೆ ಮುಟ್ಟುತ್ತಿದ್ದ ಜಾಗ ಬೆರಳಿನ ಉಗುರಿನಷ್ಟೂ ಇರಲಿಲ್ಲ. ಪಟ್ಟಿಯನ್ನು ಬಗ್ಗಿಸಿದರೆ ಎಳೆಗಳು ಪಟಪಟ ಅಂತ ಕಿತ್ತುಬಂದವು, ಮೂರರಲ್ಲಿ ಎರಡು ಪಾಲು ಆಗಲೇ ತುಂಡಾಗಿತ್ತು. ಎಂಜಿನ್ ನಿಂತಾಗ ಯಾವ ಕಡೆ ವಾಲಿ ನಿಲ್ಲುತ್ತದೋ ಅದರ ಮೇಲೆ ಉಳಿದ ಎಳೆಗಳು ಮುಟ್ಟೋದು ಬಿಡೋದು. ಬ್ಯಾಟರಿ ಬದಲಿಸಿದಾಗ ಯಾಕೆ ಒಂದು ವಾರ ಸರಿಹೋಯಿತು? ಕೇಬಲ್ ಎಳೆದಾಡಿದ್ದರಿಂದ. ಸೆಲ್ಫ್ ಬಿಚ್ಚಿಸಿದಾಗ ಯಾಕೆ ಎರಡು ವಾರ? ಮೋಟರ್ ತೆಗೆಯೋಕೆ ಆ ಬೋಲ್ಟ್ ಬಿಚ್ಚಲೇಬೇಕು, ವಾಪಸ್ ಹಾಕುವಾಗ ಅವರು ಗಟ್ಟಿಯಾಗಿ ಬಿಗಿದಿದ್ದರು. ಹೊಸ ಪಾರ್ಟ್ ಹಾಕಿದ ಮೇಲೆ ಸರಿಯಾಯಿತು ಅಂದರೆ ಹಳೇ ಪಾರ್ಟೇ ಕೆಟ್ಟಿತ್ತು ಅಂತಲ್ಲ. ಹಾಕುವಾಗ ಇನ್ನೇನನ್ನು ಅಲುಗಾಡಿಸಿದಿರಿ ಅಂತ ನೋಡಿ.

ಟರ್ಮಿನಲ್ ಉಜ್ಜುವುದಾದರೆ ಮೊದಲು ಮೈನಸ್ ಬಿಚ್ಚಿ, ಹಾಕುವಾಗ ಮೈನಸ್ ಕೊನೆಗೆ. ಬಿಳಿ ಪುಡಿಗೆ ಅಡುಗೆ ಸೋಡಾ ಕಲಸಿದ ನೀರು ಸಾಕು, ಬ್ಯಾಟರಿಯ ಒಳಗೆ ಮಾತ್ರ ಅದು ಹೋಗಬಾರದು. ಕಂಬ, ಕ್ಲಾಂಪಿನ ಒಳಮೈ ಎರಡನ್ನೂ ಹೊಳೆಯುವ ತನಕ ಉಜ್ಜಿ, ಬಿಗಿದು, ಆಮೇಲೆ ಮೇಲಿನಿಂದ ಗ್ರೀಸ್ ಸವರಿ. ಬಿಗಿದ ಕ್ಲಾಂಪನ್ನು ಕೈಯಲ್ಲಿ ತಿರುಗಿಸಿದರೆ ಅಲುಗಬಾರದು. ಕೇಬಲ್ ಮೇಲಿನ ಪ್ಲಾಸ್ಟಿಕ್ ಎಲ್ಲಾದರೂ ಉಬ್ಬಿ ಗಟ್ಟಿಯಾಗಿದ್ದರೆ ಒಳಗೆ ತಾಮ್ರ ಹಸಿರಾಗಿರುತ್ತದೆ, ಬದಲಿಸಿ.

ಸೆಲ್ಫ್ ಮೋಟರ್ ಮತ್ತು ಆ ಮರದ ತುಂಡು

ಕೇಬಲ್ಲೆಲ್ಲ ಸರಿ, ಒಂದೇ ಟಕ್, ಎಂಜಿನ್ ಅಲುಗಲ್ಲ. ಇನ್ನೊಬ್ಬರು ಕೀ ತಿರುಗಿಸಿ ಹಿಡಿದಿರುವಾಗ ಮರದ ತುಂಡಿನಿಂದ ಮೋಟರಿನ ಮೈಗೆ ಮೆಲ್ಲಗೆ ತಟ್ಟಿ. ತಟ್ಟಿದ ತಕ್ಷಣ ತಿರುಗಿದರೆ ಕಾರ್ಬನ್ ಬ್ರಷ್ ಸವೆದು ತಿರುಗುವ ಭಾಗದ ಕಮ್ಯುಟೇಟರನ್ನು ಸರಿಯಾಗಿ ಮುಟ್ಟುತ್ತಿಲ್ಲ. ಇವತ್ತು ಮನೆ ಸೇರಬಹುದು, ಆದರೆ ಈ ಉಪಾಯ ಹೆಚ್ಚು ದಿನ ನಡೆಯಲ್ಲ. ಸುತ್ತಿಗೆಯಲ್ಲಿ ಹೊಡೆಯಬೇಡಿ. ಕೆಲವು ಮೋಟರುಗಳ ಒಳಗೆ ಆಯಸ್ಕಾಂತವನ್ನು ಅಂಟಿಸಿರುತ್ತಾರೆ, ಅದು ಒಡೆದರೆ ಆ ಮೋಟರ್ ಕತೆ ಮುಗೀತು.

ಬಿಸಿಯಾದಾಗ ಮಾತ್ರ ಟಕ್ ಕೂಡ ಇಲ್ಲದೆ ಸುಮ್ಮನಾಗುವ ಕಾರಿಗೆ, ಸೊಲೆನಾಯ್ಡಿನ ಸಣ್ಣ ವೈರಿನಲ್ಲಿ ಕೀ ತಿರುಗಿಸಿದಾಗ ಎಷ್ಟು ವೋಲ್ಟ್ ಬರುತ್ತದೆ ನೋಡಿ. ಬ್ಯಾಟರಿಯಲ್ಲಿ ಆ ಹೊತ್ತಿಗೆ ಇರುವುದಕ್ಕಿಂತ ಒಂದು ವೋಲ್ಟಿಗಿಂತ ಜಾಸ್ತಿ ಕಡಿಮೆ ಇದ್ದರೆ ಸೊಲೆನಾಯ್ಡಿನ ತಪ್ಪಿಲ್ಲ, ಸ್ವಿಚ್ಚಿನಿಂದ ಇಲ್ಲಿತನಕದ ದಾರಿ ಸವೆದಿದೆ. ಬಿಸಿಗೆ ತಾಮ್ರದ ಸುತ್ತಿನ ಅಡ್ಡಿ ಏರುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ. ತಣ್ಣಗಿದ್ದಾಗ ಹೇಗೋ ಸಾಲುತ್ತಿದ್ದ ಕರೆಂಟ್ ಈಗ ಸಾಲಲ್ಲ. ವೋಲ್ಟ್ ಪೂರ್ತಿ ಬರುತ್ತಿದ್ದೂ ಸುಮ್ಮನಿದ್ದರೆ ಸೊಲೆನಾಯ್ಡೇ ಕೆಟ್ಟಿದೆ.

ಅಲ್ಲಿಗೆ ವೋಲ್ಟೇ ಬರುತ್ತಿಲ್ಲ ಅಂದರೆ ಹಿಂದಕ್ಕೆ ಹೋಗಿ. ಆಟೋಮ್ಯಾಟಿಕ್ ಕಾರಾದರೆ ಪಾರ್ಕ್ ಬಿಟ್ಟು ನ್ಯೂಟ್ರಲ್ಲಿನಲ್ಲಿ ಹೊಡೆದು ನೋಡಿ, ಅಲ್ಲಿ ಆದರೆ ಗೇರಿನ ಸೇಫ್ಟಿ ಸ್ವಿಚ್. ಕೆಲವು ಗೇರ್ ಕಾರುಗಳಲ್ಲಿ ಕ್ಲಚ್ ಪೆಡಲ್ ಹತ್ತಿರ ಇಂಥದ್ದೇ ಒಂದು ಸ್ವಿಚ್ ಇರುತ್ತದೆ. ಸ್ಟಾರ್ಟರ್ ರಿಲೇ ಅನುಮಾನ ಇದ್ದರೆ ಫ್ಯೂಸ್ ಬಾಕ್ಸಿನಲ್ಲೇ ಇರುವ ಅದೇ ನಂಬರಿನ ಬೇರೆ ರಿಲೇ, ಹಾರ್ನಿನದ್ದೋ ಯಾವುದೋ, ಅದಲು ಬದಲು ಮಾಡಿ. ಹಾರ್ನ್ ನಿಂತು ಕಾರು ಸ್ಟಾರ್ಟ್ ಆದರೆ ಉತ್ತರ ಸಿಕ್ಕಿತು. ಇಗ್ನಿಷನ್ ಸ್ವಿಚ್ಚಾದರೆ ಕೀಯನ್ನು ತಿರುಗಿಸಿ ಹಿಡಿದು ಅತ್ತ ಇತ್ತ ಅಲುಗಾಡಿಸಿ. ಡ್ಯಾಶ್‌ಬೋರ್ಡ್ ದೀಪಗಳು ಮಿಣುಕಿದರೆ ಒಳಗೆ ಸವೆದಿದೆ. ಕೀಗೊಂಚಲಿಗೆ ಮನೆ, ಬೀರು, ಗೇಟಿನ ಕೀಗಳನ್ನೆಲ್ಲ ನೇತುಹಾಕುವವರ ಕಾರಲ್ಲಿ ಇದು ಬೇಗ ಸವೆಯುತ್ತದೆ.

ಎಂಜಿನ್ ತಿರುಗುತ್ತದೆ, ಹಿಡಿಯಲ್ಲ

ಇಲ್ಲಿ ಬೇಕಾದ್ದು ಎರಡು: ಕಿಡಿ, ಎಣ್ಣೆ. ಕೈಕೊಟ್ಟ ಹೊತ್ತಿನಲ್ಲಿ ಯಾವುದು ಇಲ್ಲ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಅದಕ್ಕೂ ಮೊದಲು ಕೀ ಆನ್ ಮಾಡಿ ಇಮೊಬಿಲೈಜರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಲಾಕ್) ದೀಪ ನೋಡಿ. ಅದು ಸಾಮಾನ್ಯವಾಗಿ ಆರಿಹೋಗಬೇಕು, ಮಿಣುಕುತ್ತಲೇ ಇದ್ದರೆ ಕಾರಿಗೆ ನಿಮ್ಮ ಕೀ ಗುರುತು ಸಿಗುತ್ತಿಲ್ಲ. ಇನ್ನೊಂದು ಕೀ ಹಾಕಿ ನೋಡಿ.

ಇಂಜೆಕ್ಷನ್ ಕಾರಾದರೆ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಕಾರು) ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅನ್ನೋ ಸದ್ದು ಬರುತ್ತದೆ, ಅದು ಟ್ಯಾಂಕಿನೊಳಗಿನ ಫ್ಯೂಯೆಲ್ ಪಂಪ್. ಚೆನ್ನಾಗಿರುವಾಗಲೇ ಆ ಸದ್ದನ್ನು ಕೇಳಿ ಅಭ್ಯಾಸ ಮಾಡಿಕೊಳ್ಳಿ, ಕೈಕೊಟ್ಟ ದಿನ ಅದು ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಸದ್ದು ಇಲ್ಲದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪ್. ಹಳೇ ರಿಲೇಗಳ ಒಳಗೆ ಬೆಸುಗೆ ಬಿರುಕು ಬಿಟ್ಟಿರುತ್ತದೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಆ ಬಿರುಕು ಬಾಯಿ ಬಿಡುತ್ತದೆ. ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುವ ಕಾರಿದ್ದರೆ ಇದನ್ನು ಮೊದಲು ನೋಡಿ. ಸದ್ದು ಇದ್ದೂ ತುಂಬಾ ಹೊತ್ತು ಹೊಡೆದ ಮೇಲೆ ಹಿಡಿಯುತ್ತದೆ ಅಂದರೆ ಕೀಯನ್ನು ಮೂರು ಸಲ ಆನ್ ಆಫ್ ಮಾಡಿ ಆಮೇಲೆ ಹೊಡೆಯಿರಿ. ಆಗ ಬೇಗ ಹಿಡಿದರೆ ಪೈಪಿನಲ್ಲಿ ಪ್ರೆಷರ್ ನಿಲ್ಲುತ್ತಿಲ್ಲ: ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಹೋಗದಂತೆ ತಡೆಯುವುದು), ಪ್ರೆಷರ್ ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್. ಪೆಟ್ರೋಲ್ ವಾಸನೆ ಗಮ್ಮೆಂದರೆ ಎಂಜಿನ್ ಫ್ಲಡ್ ಆಗಿದೆ, ಅಂದರೆ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಹೊಡೆಯಿರಿ.

ಕಿಡಿ ಕಡೆಗೆ ಬಂದರೆ, ಬಿಸಿಯಲ್ಲಿ ಕೈಕೊಟ್ಟು ತಣ್ಣಗಾದ ಮೇಲೆ ಸರಿಹೋಗುವ ಇಂಜೆಕ್ಷನ್ ಕಾರುಗಳಲ್ಲಿ ನಾನು ಮೊದಲು ನೋಡುವುದು ಕ್ರ್ಯಾಂಕ್ ಸೆನ್ಸರ್. ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಎಷ್ಟೋ ಕಾರುಗಳಲ್ಲಿ ಅದು ಸ್ವಲ್ಪ ಏಳುತ್ತದೆ. ದಿನಾ ಏಳುವ ಮುಳ್ಳು ಕೈಕೊಟ್ಟ ದಿನ ಸೊನ್ನೆಯಲ್ಲೇ ಮಲಗಿದ್ದರೆ ಅನುಮಾನ ಗಟ್ಟಿ. ಕೈಗೆ ಎಟಕುವ ಜಾಗದಲ್ಲಿದ್ದರೆ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಎರಡು ನಿಮಿಷ ಇಟ್ಟು ಹೊಡೆದು ನೋಡಿ, ಬಿಸಿ ಪೈಪುಗಳ ಬಗ್ಗೆ ಹುಷಾರು.

ಇನ್ನೂ ಹಳೇ, ಡಿಸ್ಟ್ರಿಬ್ಯೂಟರ್ ಇರುವ ಕಾರಿಗೆ ರಾತ್ರಿ ಒಂದು ನೋಟ ನೋಡಬಹುದು. ಪೂರ್ತಿ ಕತ್ತಲೆಯಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ಸಣ್ಣಗೆ ನೀರಿನ ಹನಿ ಚಿಮುಕಿಸಿ. ವೈರು ಹಳೆಯದಾಗಿದ್ದರೆ ನೀಲಿ ಕಿಡಿಗಳು ವೈರಿನ ಮೈಮೇಲೆ ಓಡಾಡುವುದು ಬರಿಗಣ್ಣಿಗೇ ಕಾಣುತ್ತದೆ, ಚಿಟಚಿಟ ಸದ್ದೂ ಕೇಳುತ್ತದೆ. ಮುಟ್ಟಬೇಡಿ, ಅದು ಸಾವಿರಾರು ವೋಲ್ಟ್. ಕ್ಯಾಪ್ ಒಳಗೆ ಪೆನ್ಸಿಲಿನಲ್ಲಿ ಗೀಚಿದಂಥ ಸಣ್ಣ ಕಪ್ಪು ಗೆರೆ ಕಂಡರೆ ಅದು ಕೊಳೆ ಅಲ್ಲ, ಕಿಡಿ ಮಾಡಿಕೊಂಡ ಕಳ್ಳದಾರಿ. ಒರೆಸಿದರೆ ಹೋಗಲ್ಲ, ಕ್ಯಾಪನ್ನೇ ಬದಲಿಸಿ.

ಕಾಯಿಲಿಗೆ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವುದು) ರೆಸಿಸ್ಟರ್ (ಅದರ ಕರೆಂಟ್ ತಗ್ಗಿಸುವುದು) ಇರುವ ಗಾಡಿಗಳು ಇನ್ನೊಂದು ಸುಳಿವು ಕೊಡುತ್ತವೆ. ಸೆಲ್ಫ್ ಹೊಡೆಯುವಾಗ ಹಿಡಿದು, ಕೀ ಬಿಟ್ಟ ಕ್ಷಣ ಸತ್ತರೆ ಆ ರೆಸಿಸ್ಟರ್ ಅಥವಾ ಸ್ವಿಚ್ಚಿನ ಆನ್ ಕಾಂಟ್ಯಾಕ್ಟ್. ಹೊಡೆಯುವ ತನಕ ಸುಮ್ಮನಿದ್ದು ಕೀ ಬಿಡುವಾಗ ಮಾತ್ರ ಒಂದು ಸಲ ಕೆಮ್ಮಿದರೆ, ಸ್ಟಾರ್ಟ್ ಜಾಗದಲ್ಲಿ ಕಾಯಿಲಿಗೆ ಕರೆಂಟ್ ಬರುತ್ತಿಲ್ಲ.

ಡೀಸೆಲ್ ಆದರೆ ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಹಿಡಿಯಲು ಒಳಗೆ ಬಿಸಿ ಮಾಡುವ ಪ್ಲಗ್), ಪೈಪಿನಲ್ಲಿ ಗಾಳಿ, ಇವೆರಡನ್ನೇ ಮೊದಲು ನೋಡಿ. ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲೇಬೇಡಿ, ಒಳಗೆ ಸಿಡಿಯುತ್ತದೆ.

ನಿಂತಲ್ಲೇ ಬ್ಯಾಟರಿ ಇಳಿದರೆ

ಮೀಟರನ್ನು 10 ಆಂಪಿಯರ್ ಜಾಗಕ್ಕೆ ಹಾಕಿ, ಬ್ಯಾಟರಿಯ ಮೈನಸ್ ಕಂಬಕ್ಕೂ ಬಿಚ್ಚಿದ ಮೈನಸ್ ಕೇಬಲ್ಲಿಗೂ ನಡುವೆ ಸೇರಿಸಿ. ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಿರಿ. 50 ಮಿಲಿಆಂಪಿಯರ್ ಒಳಗಿದ್ದರೆ ಪರವಾಗಿಲ್ಲ, ಆದರೂ ಅಷ್ಟೇ ದಿನಕ್ಕೆ 1.2 ಆಂಪಿಯರ್ ಅವರ್ ಆಗುತ್ತದೆ, ಮೂರು ವಾರ ಕಾರು ಅಲುಗಿಸದಿದ್ದರೆ 45 ಆಂಪಿಯರ್ ಅವರ್ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಅಂಕಿ ಇನ್ನೂ ಮೇಲಿದ್ದರೆ ಒಂದೊಂದೇ ಫ್ಯೂಸ್ ಕೀಳಿ, ಯಾವುದು ಕಿತ್ತಾಗ ಇಳಿಯುತ್ತದೋ ಆ ದಾರಿ ಹಿಡಿಯಿರಿ. ಆಮೇಲೆ ಹಾಕಿಸಿದ ಸ್ಟಿರಿಯೊ, ಅಲಾರಂ, ಮುಚ್ಚಿದ ಡಿಕ್ಕಿಯೊಳಗೆ ಉರಿಯುತ್ತಲೇ ಇರುವ ಬಲ್ಬು, ಇವೇ ಸಾಮಾನ್ಯ ಕಳ್ಳರು. ಮೀಟರ್ ಹೀಗೆ ಸೇರಿಸಿರುವಾಗ ಮರೆತು ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ನಾನು ಎರಡು ಹಾರಿಸಿದ್ದೇನೆ.

ಇಷ್ಟಾದರೂ ಸಿಗಲಿಲ್ಲ ಅಂದರೆ ಮೆಕ್ಯಾನಿಕ್ ಹತ್ತಿರ ಕಾರನ್ನು ಹಿಂದಿನ ರಾತ್ರಿಯೇ ಬಿಟ್ಟು ಬನ್ನಿ, ಬೆಳಿಗ್ಗೆ ಮೊದಲ ಸೆಲ್ಫನ್ನು ಅವರೇ ಹೊಡೆಯಲಿ. ಬಿಸಿಯಲ್ಲಿ ಬರುವ ತೊಂದರೆಯಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿ. "ಸೆಲ್ಫ್ ಚೇಂಜ್ ಮಾಡಿ" ಅಂತ ನೀವಾಗಿ ಹೇಳಬೇಡಿ, ಹೇಳಿದರೆ ಚೇಂಜ್ ಮಾಡಿಯೇ ಕೊಡುತ್ತಾರೆ. ಆ ನೋಟ್‌ಬುಕ್ ಅವರ ಕೈಗೆ ಕೊಡಿ.